ನಾಲ್ಕು ಕೂಡಿಸುವ ಲಿಪಿಕಾರ

ಗ್ರಂಥಸಂಪಾದನೆಯ ಪಾಠ ಹೇಳುವವರು ಲಿಪಿಕಾರನ ಸ್ಖಾಲಿತ್ಯಗಳನ್ನು ವಿಂಗಡಿಸಿ ತೋರಿಸುವುದು ವಾಡಿಕೆ. ಕಣ್ಣು ತಪ್ಪಿ ಒಂದು ಸಾಲನ್ನು ಹಾರಿದ್ದು, ಬರೆದ ಪದವನ್ನೇ ಮತ್ತೊಮ್ಮೆ ಬರೆದದ್ದು, ‘ಪ’ಕಾರವನ್ನು ‘ಷ’ಕಾರವೆಂದು ಓದಿದ್ದು, ಅರ್ಥವಾಗದ ಹಳೆಯ ಪದವನ್ನು ಕಿತ್ತು ತನಗೆ ತಿಳಿದ ಪದವನ್ನಿಟ್ಟದ್ದು ಹೀಗೆ. ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ನೆಲೆಸಿರುವ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಮುಂದಿಟ್ಟುಕೊಂಡು ಮೂವತ್ತು ವರ್ಷ ಇದನ್ನೇ ಬೋಧಿಸಿದವರು. ಆ ವಿಂಗಡಣೆಯೊಳಗೆ ಎಲ್ಲಿಯೂ ಸೇರದ ಒಂದು ಬಗೆಯ ತಪ್ಪು 2014ರ ಬೇಸಿಗೆಯಲ್ಲಿ ಅವರ ಮನೆಯ ಗಣಕಯಂತ್ರದಲ್ಲಿಯೇ ಹುಟ್ಟಿಕೊಂಡಿತು. ಯಂತ್ರವು ತನ್ನಷ್ಟಕ್ಕೆ ತಾನೇ ಮತ್ತೆ ಮತ್ತೆ ಪುನರಾರಂಭಗೊಳ್ಳುತ್ತ ಕಾಡದೇ ಹೋಗಿದ್ದರೆ ಅದು ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಆ ಯಂತ್ರ 2006ರಲ್ಲಿ ಬಿಡಿಭಾಗಗಳನ್ನು ತರಿಸಿ ಜೋಡಿಸಿಕೊಟ್ಟದ್ದು. ಅದರಲ್ಲಿದ್ದುದು ವಿಂಡೋಸ್ ಎಕ್ಸ್‌ಪಿ ಮತ್ತು ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶ. ಅಧ್ಯಾಪಕರು ಅದರಲ್ಲಿ ಮಾಡುತ್ತಿದ್ದ ಕೆಲಸ ಒಂದೇ: ತಮ್ಮ ಜಿಲ್ಲೆಯ ಶಾಸನಗಳ ಶಬ್ದಸೂಚಿ. ‘ಎಪಿಗ್ರಾಫಿಯ ಕರ್ನಾಟಿಕ’ದ ಹಾಸನ ಜಿಲ್ಲೆಯ ಸಂಪುಟವನ್ನು ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದಾಗ ಶಾಸನಗಳನ್ನು ತಾಲ್ಲೂಕುವಾರು ಎಣಿಸಿ ಸಂಖ್ಯೆ ಕೊಟ್ಟರು. ಬೇಲೂರು 13 ಎಂದರೆ ಒಂದು ಕಲ್ಲು, ಬೇಲೂರು 17 ಎಂದರೆ ಮತ್ತೊಂದು ಕಲ್ಲು. ಶಬ್ದಸೂಚಿಯ ಬೆಲೆಯೆಲ್ಲ ಈ ಸಂಖ್ಯೆಯಲ್ಲಿದೆ. ಪದದ ಅರ್ಥವನ್ನು ಬರೆಯುವಲ್ಲಿ ಸೂಚಿಕಾರ ಎಡವಿದರೆ ಓದುಗ ನಿಘಂಟನ್ನು ತೆರೆದು ತಿದ್ದಿಕೊಂಡಾನು. ಸಂಖ್ಯೆ ತಪ್ಪಿದರೆ ಅವನು ಬೇರೊಂದು ಕಲ್ಲಿನ ಮುಂದೆ ನಿಂತು, ಅಲ್ಲಿಲ್ಲದ ಪದವನ್ನು ಹುಡುಕುತ್ತಾನೆ. ಮೊದಲ ಹಂತದಲ್ಲಿ ಈ ಸೂಚಿಯೆಲ್ಲ ಚೀಟಿಗಳಲ್ಲಿತ್ತು. ಪದಕ್ಕೊಂದು ಚೀಟಿ, ಬಿಸ್ಕತ್ತಿನ ತಗಡಿನ ಡಬ್ಬಗಳಲ್ಲಿ ಅಕಾರಾದಿಯಾಗಿ ಜೋಡಿಸಿಟ್ಟದ್ದು. ಎಂಟು ವರ್ಷಗಳಲ್ಲಿ ಅದರ ಬಹುಪಾಲು ‘ನುಡಿ’ಯ ಕಡತಗಳಿಗೆ ಇಳಿದಿತ್ತು.

2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ ಸಲ್ಲುತ್ತಿದ್ದ ಅಧಿಕೃತ ಬೆಂಬಲ ನಿಂತಿತು. ಇನ್ನು ವೈರಸ್ಸಿನ ಕಾಟ ತಪ್ಪಿದ್ದಲ್ಲ, ವಿಂಡೋಸ್ 7 ಹಾಕಿಸಿಕೊಳ್ಳಿ ಎಂದು ಊರಿನ ಗಣಕದಂಗಡಿಯವರು ಹೇಳಿದರು. ಹೊಸ ವ್ಯವಸ್ಥೆಗೆ ಕನಿಷ್ಠ 1 ಜಿಬಿ ಸ್ಮೃತಿ ಬೇಕು. ಈ ಯಂತ್ರದಲ್ಲಿದ್ದುದು 512 ಎಂಬಿ. ಏಪ್ರಿಲ್ 21ರಂದು ಅಂಗಡಿಯ ಹುಡುಗ ಬಂದು, ಬಳಸಿ ಬಿಟ್ಟಿದ್ದ 1 ಜಿಬಿಯ ರ‍್ಯಾಮ್ ಪಟ್ಟಿಯೊಂದನ್ನು ಖಾಲಿಯಿದ್ದ ಸೀಳಿನಲ್ಲಿ ಕೂರಿಸಿ ಹೋದ. ಯಂತ್ರ ಚುರುಕಾಯಿತು. ಮುಂದಿನ ನಾಲ್ಕು ವಾರ ಅಧ್ಯಾಪಕರು ಎಂದಿನಂತೆ ಕೆಲಸ ಮಾಡಿದರು. ನಡುವೆ ಎರಡು ಸಲ ಯಂತ್ರ ತಾನೇ ಆರಿ ಹೊತ್ತಿತು. ಬೇಸಿಗೆಯ ವಿದ್ಯುತ್ತಿನ ಅವಸ್ಥೆ ಎಲ್ಲರಿಗೂ ಗೊತ್ತಿದ್ದದ್ದೇ ಆದ್ದರಿಂದ ಅದಕ್ಕೆ ಯಾರೂ ಬೇರೆ ಕಾರಣ ಹುಡುಕಲಿಲ್ಲ.

ಮೇ 18ರ ಭಾನುವಾರ ಹೊಸ ವ್ಯವಸ್ಥೆಯ ಸ್ಥಾಪನೆ ಆರಂಭವಾಯಿತು. ಹುಡುಗ ಡಿವಿಡಿ ಹಾಕಿ, ‘ಸಿ’ ಭಾಗವನ್ನು ಅಳಿಸಿ, ಶಬ್ದಸೂಚಿಯಿದ್ದ ‘ಡಿ’ ಭಾಗವನ್ನು ಮುಟ್ಟದೆ, ಕಡತಗಳ ನಕಲು ಶುರುಮಾಡಿ, “ಅದರಷ್ಟಕ್ಕೆ ಅದೇ ಆಗುತ್ತೆ ಸರ್” ಎಂದು ಹೇಳಿ ಬೇರೆ ಮನೆಗೆ ಹೋದ. ಅರ್ಧ ಗಂಟೆಯ ಬಳಿಕ ಯಂತ್ರ ಪುನರಾರಂಭಗೊಂಡು, ಕಪ್ಪು ತೆರೆಯ ಮೇಲೆ, ಡಿವಿಡಿಯಿಂದ ಆರಂಭಿಸಲು ಯಾವುದಾದರೂ ಕೀಲಿಯನ್ನೊತ್ತಿರಿ ಎಂಬರ್ಥದ ಒಂದು ಸಾಲನ್ನು ತೋರಿಸಿತು. ಅಧ್ಯಾಪಕರು ಒತ್ತಿದರು. ಸ್ಥಾಪನೆ ಮೊದಲಿನಿಂದ ಆರಂಭವಾಯಿತು. ಅರ್ಧ ಗಂಟೆಯ ಬಳಿಕ ಅದೇ ಸಾಲು. ಅವರು ಮತ್ತೆ ಒತ್ತಿದರು. ಸಂಜೆಯವರೆಗೆ ಇದು ನಾಲ್ಕು ಸಲ ನಡೆಯಿತು. ಆ ಸಾಲು ಅಪ್ಪಣೆಯಲ್ಲ, ವಿಕಲ್ಪ. ಸುಮ್ಮನಿದ್ದರೆ ಯಂತ್ರ ಕೆಲವು ಕ್ಷಣ ಕಾದು, ಈಗಾಗಲೇ ಅರ್ಧ ಕೆಲಸವಾಗಿರುವ ಹಾರ್ಡ್ ಡಿಸ್ಕಿನಿಂದ ಮುಂದುವರಿಯುತ್ತದೆ. ಆದರೆ ಬರೆದದ್ದನ್ನು ಬರೆದಂತೆಯೇ ಓದಿ ಪಾಲಿಸುವುದು ಜೀವನದುದ್ದಕ್ಕೂ ರೂಢಿಯಾದವರಿಗೆ ಸುಮ್ಮನಿರುವುದೂ ಒಂದು ಉತ್ತರವೆಂದು ಹೊಳೆಯುವುದು ಕಷ್ಟ. ಸ್ಥಾಪನೆ ಮುಗಿಯದೆ ಸುತ್ತುತ್ತಿದೆ ಎಂಬ ದೂರುಗಳಲ್ಲಿ ಎಷ್ಟೋ ಈ ಒಂದು ಸಾಲಿನಿಂದ ಹುಟ್ಟಿದವು.

ರಾತ್ರಿ ಹುಡುಗ ಬಂದು ಕೀಲಿ ಒತ್ತಬೇಡಿ ಎಂದ ಮೇಲೆ ಮೊದಲ ಸುತ್ತು ಬಿಟ್ಟಿತು. ಎರಡನೆಯದು ಆಗ ಹಿಡಿಯಿತು. ಈ ಸಲ ವಿಂಡೋಸ್ ಲಾಂಛನ ಮೂಡಿ, ನಾಲ್ಕು ಬಣ್ಣ ಕೂಡುವಷ್ಟರಲ್ಲಿ ತೆರೆಯ ಮೇಲೆ ನೀಲಿಯದೊಂದು ಮಿಂಚು ಹಾಯ್ದು ಯಂತ್ರ ಪುನರಾರಂಭಗೊಳ್ಳುತ್ತಿತ್ತು. ಒಮ್ಮೊಮ್ಮೆ ಇನ್ನೂ ಸ್ವಲ್ಪ ಮುಂದೆ ಹೋಗಿ, ಗಣಕವು ಅನಿರೀಕ್ಷಿತವಾಗಿ ಪುನರಾರಂಭಗೊಂಡಿದೆ, ಸ್ಥಾಪನೆ ಮುಂದುವರಿಯಲಾರದು ಎಂಬ ಸಂದೇಶ ಬರುತ್ತಿತ್ತು. ಅಂಗಡಿಯವರು ಎಸ್‌ಎಂಪಿಎಸ್ ಬದಲಿಸಿದರು. ಫ್ಯಾನಿನ ದೂಳು ಊದಿದರು. ಮದರ್‌ಬೋರ್ಡಿನ ಮೇಲೆ ಉಬ್ಬಿದ ಕೆಪಾಸಿಟರ್ ಇದೆಯೇ ಎಂದು ಟಾರ್ಚು ಬಿಟ್ಟು ನೋಡಿದರು. ಕೊನೆಗೆ ಹಾರ್ಡ್ ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡಿಬಿಟ್ಟರೆ ಸರಿಹೋಗುತ್ತದೆ ಎಂದರು. ಎಂಟು ವರ್ಷದ ಕೆಲಸವನ್ನು ಅಳಿಸಿ ರೋಗ ವಾಸಿಮಾಡುವ ಸಲಹೆ ಅದು. ಅಧ್ಯಾಪಕರು ಯಂತ್ರದ ತಂತಿಯನ್ನು ತಾವೇ ಕಿತ್ತು, ಹುಡುಗನಿಗೆ ಕಾಫಿ ಕುಡಿಸಿ ಕಳುಹಿಸಿದರು.

ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೈಸೂರಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಓದಿನ ಖರ್ಚಿಗೆಂದು ಮುದ್ರಣಾಲಯದಲ್ಲಿ ಪುಟವಿನ್ಯಾಸ ಮಾಡುತ್ತ ಯಂತ್ರಗಳ ಸಹವಾಸ ಕಲಿತವಳು. ಆ ವಾರದ ಕೊನೆಗೆ ಬಂದವಳು ಮೊದಲು ಮಾಡಿದ ಕೆಲಸ, ಲಿನಕ್ಸ್ ಇರುವ ಡಿವಿಡಿಯಿಂದಲೇ ಯಂತ್ರವನ್ನು ಎಬ್ಬಿಸಿ, ‘ಡಿ’ ಭಾಗದಲ್ಲಿದ್ದ ಒಟ್ಟು 1,312 ಕಡತಗಳನ್ನು ಹೊರಗಿನ ಡಿಸ್ಕೊಂದಕ್ಕೆ ನಕಲು ಮಾಡಿದ್ದು. ಹಾರ್ಡ್ ಡಿಸ್ಕಿನಲ್ಲಿ ಏನನ್ನೂ ಬರೆಯದೆ, ಡಿವಿಡಿಯಿಂದ ಸ್ಮೃತಿಗೆ ಏರಿ ಕೆಲಸ ಮಾಡುವ ವ್ಯವಸ್ಥೆ ಅದು. ನಡುವೆ ಒಮ್ಮೆ ಹೆಪ್ಪುಗಟ್ಟಿ ನಿಂತರೂ ಎರಡನೆಯ ಯತ್ನದಲ್ಲಿ ನಕಲು ಪೂರ್ಣವಾಯಿತು. ಅಧ್ಯಾಪಕರ ಮುಖ ತಿಳಿಯಾಯಿತು. ಮೂಲಕ್ಕೆ ಅಪಾಯ ಬರುವ ಮುನ್ನ ಪ್ರತಿ ಮಾಡಿಕೊಳ್ಳುವುದು ಓಲೆಗರಿಯ ಕಾಲದಿಂದ ನಡೆದುಬಂದ ವಿವೇಕ.

“ಇನ್ನು ಇದು ಯಾಕೆ ಹೀಗೆ ರೀಸ್ಟಾರ್ಟ್ ಆಗುತ್ತೆ ಅಂತ ನೋಡಮ್ಮ” ಎಂದರು.

“ಮೊದಲು ರೀಸ್ಟಾರ್ಟ್ ಆಗೋದನ್ನ ನಿಲ್ಲಿಸ್ಬೇಕು ಸರ್. ಕಾರಣ ಹೇಳೋಕೆ ಬರುತ್ತೆ, ಹೇಳಿ ಮುಗಿಸೋಕೆ ಮುಂಚೆ ಅದನ್ನೇ ಎಬ್ಬಿಸಿಬಿಡ್ತಾರೆ.”

ಅವಳು ಹೇಳಿದ್ದು ಯಥಾರ್ಥ. ವ್ಯವಸ್ಥೆ ಕುಸಿದಾಗ ಅದು ನೀಲಿ ತೆರೆಯ ಮೇಲೆ ಕುಸಿತದ ಹೆಸರನ್ನೂ ಸಂಕೇತಸಂಖ್ಯೆಯನ್ನೂ ಬರೆಯುತ್ತದೆ. ಆದರೆ ಕುಸಿದೊಡನೆ ತಾನಾಗಿ ಪುನರಾರಂಭಗೊಳ್ಳಬೇಕೆಂಬುದು ಮೊದಲೇ ಮಾಡಿಟ್ಟ ಏರ್ಪಾಡು. ಹಾಗಾಗಿ ಆ ಬರಹ ಓದುವ ಮೊದಲೇ ಅಳಿಯುತ್ತದೆ. ಲಾಂಛನ ಮೂಡುವ ಮುನ್ನ ‘ಎಫ್8’ ಕೀಲಿಯನ್ನೊತ್ತಿದರೆ ಬರುವ ಪಟ್ಟಿಯಲ್ಲಿ ಈ ಏರ್ಪಾಡನ್ನು ತಡೆಯುವ ಆಯ್ಕೆಯಿದೆ. ಅದನ್ನು ಆರಿಸಿದ ಮೇಲೆ ನೀಲಿ ತೆರೆ ನಿಂತಿತು. ಅಧ್ಯಾಪಕರು ಕನ್ನಡಕ ಸರಿಪಡಿಸಿಕೊಂಡು, ಸಂಕೇತದ ಕೊನೆಯ ಅಕ್ಷರಗಳನ್ನು ಚೀಟಿಯಲ್ಲಿ ಬರೆದುಕೊಂಡರು: 1ಎ. ಸ್ಮೃತಿಯ ನಿರ್ವಹಣೆಗೆ ಸಂಬಂಧಿಸಿದ ದೋಷ. ಎರಡನೆಯ ಸಲ 50. ಮೂರನೆಯ ಸಲ ಮತ್ತೆ 1ಎ. ಡಿಸ್ಕಿನ ದೋಷವೋ ಚಾಲಕ ತಂತ್ರಾಂಶದ ದೋಷವೋ ಆಗಿದ್ದರೆ ಸಾಮಾನ್ಯವಾಗಿ ಪ್ರತಿ ಸಲವೂ ಒಂದೇ ಸಂಕೇತ ಬರುತ್ತದೆ. ಒಂದೇ ಕೆಲಸದಲ್ಲಿ ಬೇರೆ ಬೇರೆ ಸಂಕೇತ ಬರತೊಡಗಿದರೆ ಸಂಶಯ ಹೋಗಬೇಕಾದದ್ದು ಎಲ್ಲ ಕೆಲಸಕ್ಕೂ ಆಧಾರವಾದ ರ‍್ಯಾಮಿನ ಕಡೆಗೆ.

ಯಂತ್ರ ಎದ್ದೊಡನೆ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ, ನಿಜ. ಆದರೆ ಆ ಪರೀಕ್ಷೆ ಸ್ಮೃತಿ ಎಷ್ಟಿದೆಯೆಂದು ಎಣಿಸುವುದರಾಚೆಗೆ ಹೆಚ್ಚೇನೂ ಹೋಗದು. ಪ್ರತಿಯೊಂದು ಕೋಶಕ್ಕೂ ಸೊನ್ನೆ ಬರೆದು ಓದಿ, ಒಂದು ಬರೆದು ಓದಿ, ನೆರೆಯ ಕೋಶಗಳನ್ನು ಬದಲಿಸಿ ಮತ್ತೆ ಓದುವ ಪರೀಕ್ಷೆಗೆ ‘ಮೆಮ್‌ಟೆಸ್ಟ್’ನಂತಹ ಪ್ರತ್ಯೇಕ ತಂತ್ರಾಂಶ ಬೇಕು. ಅದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಅವಳು ಎರಡು ಪಟ್ಟಿಗಳನ್ನೂ ಹೊರತೆಗೆದು, ಒಂದೊಂದನ್ನೇ ಒಂದೇ ಸೀಳಿನಲ್ಲಿಟ್ಟು ಪರೀಕ್ಷಿಸಿದಳು. ಒಮ್ಮೆಗೆ ಒಂದನ್ನಷ್ಟೇ ಬದಲಿಸಬೇಕು. ಎರಡು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಎಂಟು ವರ್ಷದ ಹಳೆಯ ಪಟ್ಟಿ ನಿರ್ದೋಷವಾಗಿ ಹೊರಬಂತು. ಏಪ್ರಿಲ್ 21ರಂದು ಬಂದ ಪಟ್ಟಿಯಲ್ಲಿ ಇಪ್ಪತ್ತು ನಿಮಿಷದೊಳಗೆ ತೆರೆ ಕೆಂಪಾಯಿತು. ದೋಷದ ಕೋಶಗಳೆಲ್ಲ ಸ್ಮೃತಿಯ ಮೇಲ್ಭಾಗದಲ್ಲಿದ್ದವು. ಎಕ್ಸ್‌ಪಿ ಮತ್ತು ‘ನುಡಿ’ ಎರಡೂ ಸೇರಿ ಅಷ್ಟು ಮೇಲಕ್ಕೆ ಏರುತ್ತಿದ್ದುದು ಅಪರೂಪ. ಹೊಸ ವ್ಯವಸ್ಥೆಯ ಸ್ಥಾಪನೆ ಸ್ಮೃತಿಯನ್ನು ತುಂಬಿಕೊಂಡು ನಡೆಯುವಂಥದ್ದು. ಅದು ಪ್ರತಿ ಸಲವೂ ಹೋಗಿ ಅಲ್ಲಿಯೇ ಕಾಲಿಟ್ಟು ಮುಗ್ಗರಿಸುತ್ತಿತ್ತು. ಹೊಸ ವ್ಯವಸ್ಥೆಗೆಂದು ತಂದ ಪಟ್ಟಿಯೇ ಹೊಸ ವ್ಯವಸ್ಥೆಯನ್ನು ಒಳಗೆ ಬಿಡುತ್ತಿರಲಿಲ್ಲ.

ಮಾರನೆಯ ದಿನ ಹಾಸನದಿಂದ ಬೇರೆ ಪಟ್ಟಿ ಬಂತು. ಅದನ್ನೂ ಪರೀಕ್ಷಿಸಿದ ಮೇಲೆ ಸ್ಥಾಪನೆ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಅದರ ನಡುವೆಯೂ ಯಂತ್ರ ಪುನರಾರಂಭಗೊಂಡಿತು. ಆದರೆ ಅವು ನಿಯಮದ ಪ್ರಕಾರ ಆಗಬೇಕಾದವು.

ವಿಷಯ ಇಲ್ಲಿಗೆ ಮುಗಿಯಬಹುದಿತ್ತು. ಊಟಕ್ಕೆ ಕುಳಿತಾಗ ಅಧ್ಯಾಪಕರು ಕೇಳಿದ ಪ್ರಶ್ನೆ ಅದನ್ನು ಮುಗಿಯಲು ಬಿಡಲಿಲ್ಲ. “ಅಲ್ಲಮ್ಮ, ನೀನು ನಕಲು ಮಾಡಿದಾಗ ಆ ಕೆಟ್ಟ ಪಟ್ಟಿ ಒಳಗೇ ಇತ್ತಲ್ಲ?”

ಅವಳ ಕೈ ತುತ್ತಿನಲ್ಲೇ ನಿಂತಿತು. ಒಂದು ಕಡತವನ್ನು ಡಿಸ್ಕಿನಿಂದ ಡಿಸ್ಕಿಗೆ ನಕಲು ಮಾಡುವುದೆಂದರೆ ಅದನ್ನು ಮೊದಲು ಸ್ಮೃತಿಗೆ ಓದಿಕೊಂಡು, ಸ್ಮೃತಿಯಿಂದ ಬರೆಯುವುದು. ನಡುವೆ ಕುಳಿತ ಲಿಪಿಕಾರನ ನೆನಪೇ ಕೆಟ್ಟಿದ್ದರೆ? ಅವನು ತಪ್ಪು ಬರೆದನೆಂದು ಯಾವ ಸಂದೇಶವೂ ಬರುವುದಿಲ್ಲ. ಮನೆಯ ಗಣಕಗಳ ಸಾಧಾರಣ ರ‍್ಯಾಮಿಗೆ ತನ್ನ ತಪ್ಪನ್ನು ತಾನು ಹಿಡಿಯುವ ಸಾಮರ್ಥ್ಯವಿಲ್ಲ.

ಮೂಲ ಕಡತಗಳು ‘ಡಿ’ ಭಾಗದಲ್ಲಿ ಹಾಗೆಯೇ ಇದ್ದವು. ಪ್ರತಿಯೊಂದು ಕಡತದ ಒಟ್ಟು ಬರಹವನ್ನೂ ಲೆಕ್ಕಕ್ಕೆ ಹಾಕಿ 32 ಸ್ಥಾನಗಳ ಒಂದು ಸಂಕೇತವನ್ನು ಕೊಡುವ ‘ಎಂಡಿ5’ ಎಂಬ ವಿಧಾನವಿದೆ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಂಕೇತ ಪೂರ್ತಿ ಬೇರೆಯಾಗುತ್ತದೆ. ಈಗಿನ ನಿರ್ದೋಷ ಸ್ಮೃತಿಯಲ್ಲಿ ಮೂಲ ಮತ್ತು ನಕಲು ಎರಡರ ಸಂಕೇತಗಳನ್ನೂ ತೆಗೆದು ಹೋಲಿಸಿದಾಗ 1,312ರಲ್ಲಿ ಐದು ಹೊಂದಲಿಲ್ಲ. ಮೂರು ಛಾಯಾಚಿತ್ರಗಳು: ಕಲ್ಲಿನ ಕೆಳಗಿನರ್ಧ ಬೂದುಬಣ್ಣದ ಪಟ್ಟೆಯಾಗಿತ್ತು. ಎರಡು ಶಬ್ದಸೂಚಿಯ ಕಡತಗಳು: ಅವೆರಡರಲ್ಲಿ ಒಟ್ಟು ನಾಲ್ಕೇ ಸ್ಥಳ.

ಆ ನಾಲ್ಕು ಸ್ಥಳಗಳನ್ನು ಅಧ್ಯಾಪಕರು ಪಾಠಾಂತರ ಗುರುತಿಸುವಂತೆಯೇ ಎರಡು ಅಂಕಣಗಳಲ್ಲಿ ಬರೆದುಕೊಂಡರು. ಮೂಲದಲ್ಲಿ ‘ಅಡಿ’ ಎಂದಿದ್ದದ್ದು ನಕಲಿನಲ್ಲಿ ‘ಉಡಿ’. ಮೂಲದಲ್ಲಿ 13, ನಕಲಿನಲ್ಲಿ 17. ಮೂಲದಲ್ಲಿ 102, ನಕಲಿನಲ್ಲಿ 142. ಮೂಲದಲ್ಲಿ 81, ನಕಲಿನಲ್ಲಿ 85. ‘ಅಡಿ’ ‘ಉಡಿ’ಯಾದದ್ದು ಸಿಕ್ಕಿಬೀಳುತ್ತಿತ್ತು. ಅಕಾರದ ಪದಗಳ ನಡುವೆ ಉಕಾರ ಬಂದು ಕುಳಿತರೆ ಕಣ್ಣಿಗೆ ಚುಚ್ಚುತ್ತದೆ. ಅಕಾರಾದಿ ಕ್ರಮವೇ ಅಲ್ಲಿ ಕಾವಲುಗಾರ. ಸಂಖ್ಯೆಗಳಿಗೆ ಅಂಥ ಕಾವಲಿಲ್ಲ. 142 ಎಂಬುದು 102ರಷ್ಟೇ ಸಭ್ಯವಾಗಿ ಕಾಣುತ್ತದೆ.

ಮೂರು ಸಂಖ್ಯೆಗಳಲ್ಲೂ ಒಂದು ಅಂಕಿಗೆ ನಾಲ್ಕು ಕೂಡಿತ್ತು. ಇದನ್ನು ಮೊದಲು ಕಂಡದ್ದು ಅಧ್ಯಾಪಕರು. ಕಾರಣವನ್ನು ವಿವರಿಸಿದವಳು ವಿದ್ಯಾರ್ಥಿನಿ. ಯಂತ್ರದಲ್ಲಿ ಪ್ರತಿ ಅಕ್ಷರವೂ ಸೊನ್ನೆ ಒಂದುಗಳ ಎಂಟು ಸ್ಥಾನಗಳ ಸಾಲು. ಬಲಗಡೆಯಿಂದ ಮೂರನೆಯ ಸ್ಥಾನದ ಬೆಲೆ ನಾಲ್ಕು. ಮೂರೆಂಬ ಅಂಕಿಯ ಕೊನೆಯ ನಾಲ್ಕು ಸ್ಥಾನಗಳು 0011. ಅದರ ಮೂರನೆಯ ಸ್ಥಾನದಲ್ಲಿ ಸೊನ್ನೆಯ ಬದಲು ಒಂದು ನಿಂತರೆ 0111, ಅಂದರೆ ಏಳು. ಕೆಟ್ಟ ಕೋಶಗಳು ಆ ಒಂದು ಸ್ಥಾನದಲ್ಲಿ ಸೊನ್ನೆಯನ್ನು ಹಿಡಿದಿಡಲಾರವು. ಸೊನ್ನೆ ಕೊಟ್ಟರೂ ಒಂದನ್ನೇ ಹಿಂತಿರುಗಿಸುತ್ತವೆ. ‘ನುಡಿ’ಯ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳಲ್ಲಿ ಕುಳಿತಿರುತ್ತವೆ. ‘ಅ’ ಇರುವುದು ‘ಸಿ’ ಅಕ್ಷರದ 67ರಲ್ಲಿ, ‘ಉ’ ಇರುವುದು ‘ಜಿ’ ಅಕ್ಷರದ 71ರಲ್ಲಿ. ಅಲ್ಲಿಯೂ ಅಂತರ ನಾಲ್ಕೇ. ಪರೀಕ್ಷೆಯ ಕೆಂಪು ತೆರೆಯನ್ನು ಅವಳು ಮೊಬೈಲಿನಲ್ಲಿ ಚಿತ್ರ ತೆಗೆದಿದ್ದಳು. ತೆಗೆದು ನೋಡಿದರೆ ದೋಷದ ಬೆಲೆಯನ್ನು ತೋರಿಸುವ ಅಂಕಣದಲ್ಲಿ ಉದ್ದಕ್ಕೂ ಸೊನ್ನೆಗಳು, ಕೊನೆಯಲ್ಲಿ ನಾಲ್ಕು.

ನಕಲನ್ನು ಅಳಿಸಿ ಹೊಸದಾಗಿ ಮಾಡಿ, ಹೋಲಿಸಿ, ಎಲ್ಲವೂ ಹೊಂದಿತೆಂದು ಖಾತ್ರಿಮಾಡಿಕೊಂಡು ಅವಳು ಮೈಸೂರಿನ ಬಸ್ಸು ಹತ್ತಿದಳು. ಉಳಿದ ಸಂಗತಿ ಅಧ್ಯಾಪಕರಿಗೆ ಹೊಳೆದದ್ದು ಆ ರಾತ್ರಿ. ಕೆಟ್ಟ ಪಟ್ಟಿ ಯಂತ್ರದೊಳಗಿದ್ದುದು ಏಪ್ರಿಲ್ 21ರಿಂದ. ಆ ನಾಲ್ಕು ವಾರ ಅವರು ಕಕಾರದ ಕಡತಗಳನ್ನು ತೆರೆದು, ಸೇರಿಸಿ, ಉಳಿಸಿದ್ದರು. ಉಳಿಸುವಾಗಲೂ ಬರಹ ಹೋಗುವುದು ಅದೇ ಸ್ಮೃತಿಯ ಮೂಲಕ. ಅಲ್ಲಿ ತಪ್ಪು ನುಸುಳಿದ್ದರೆ ಅದು ಮೂಲದಲ್ಲಿಯೇ ನುಸುಳಿದೆ. ಮೂಲವೂ ನಕಲೂ ಒಂದೇ ತಪ್ಪನ್ನು ಹೇಳುವಾಗ ಹೋಲಿಕೆಯಿಂದ ಏನೂ ತಿಳಿಯದು. ಮಾತೃಪ್ರತಿಯೇ ದುಷ್ಟವಾದಾಗ ಅದರಿಂದ ಹುಟ್ಟಿದ ನೂರು ಪ್ರತಿಗಳ ಒಮ್ಮತಕ್ಕೆ ಬೆಲೆಯಿಲ್ಲ ಎಂಬುದನ್ನು ಅವರು ಪ್ರತಿವರ್ಷ ತರಗತಿಯಲ್ಲಿ ಹೇಳಿದ್ದರು.

ಆದರೆ ಈ ಪ್ರತಿಗಿಂತ ಹಿಂದಿನ ಪ್ರತಿಯೊಂದಿತ್ತು. ಬೆಳಿಗ್ಗೆ ಅವರು ಅಟ್ಟದಿಂದ ಕಕಾರದ ಬಿಸ್ಕತ್ತಿನ ಡಬ್ಬಗಳನ್ನು ಇಳಿಸಿದರು. “ಇದಕ್ಕೇ ಕಂಪ್ಯೂಟರ್ ತಂದದ್ದಲ್ವೇನ್ರೀ, ಡಬ್ಬ ಇಳಿಸೋದು ತಪ್ಪಲಿ ಅಂತ?” ಎಂದು ಮಡದಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಆ ವಾರಗಳಲ್ಲಿ ಉಳಿಸಿದ ಕಡತಗಳಲ್ಲಿ ಸುಮಾರು 2,300 ಉಲ್ಲೇಖಗಳಿದ್ದವು. ಎಲ್ಲವನ್ನೂ ಚೀಟಿಯೊಡನೆ ತಾಳೆ ನೋಡುವುದು ತಿಂಗಳ ಕೆಲಸ. ಇಲ್ಲಿ ಅವರ ಬೋಧನೆಯ ವಿಷಯ ಕೈಹಿಡಿಯಿತು. ಲಿಪಿಕಾರನ ಸ್ವಭಾವ ತಿಳಿದಿದ್ದರೆ ಎಲ್ಲಿ ಸಂಶಯಪಡಬೇಕು ಎಂಬುದರ ಜೊತೆಗೆ ಎಲ್ಲಿ ಸಂಶಯಪಡಬೇಕಾಗಿಲ್ಲ ಎಂಬುದೂ ತಿಳಿಯುತ್ತದೆ. ಈ ಲಿಪಿಕಾರ ನಾಲ್ಕನ್ನು ಕೂಡಿಸಬಲ್ಲ, ಕಳೆಯಲಾರ. ಆದ್ದರಿಂದ ಅವನ ಕೈಯಿಂದ ಹುಟ್ಟಬಹುದಾದ ಅಂಕಿಗಳು 4, 5, 6, 7 ಮಾತ್ರ. ಎಂಟಕ್ಕೂ ಒಂಬತ್ತಕ್ಕೂ ಅವನು ಕೈಹಾಕಿದರೆ ಅವು ಅಂಕಿಗಳಾಗಿ ಉಳಿಯದೆ ಗಣಿತದ ಚಿಹ್ನೆಗಳಾಗಿ ಎದ್ದುಕಾಣುತ್ತವೆ. ಅಂದಮೇಲೆ 4ರಿಂದ 7ರವರೆಗಿನ ಅಂಕಿಯಿಲ್ಲದ ಸಂಖ್ಯೆಗಳನ್ನು ಅವನ ಮಟ್ಟಿಗೆ ನಿಶ್ಶಂಕೆಯಿಂದ ಬಿಡಬಹುದು. ಉಳಿದವು ಸುಮಾರು 1,450. ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಶ್ರಮ ಉಳಿಯಿತು.

ತಾಳೆ ನೋಡುವ ಕೆಲಸ ಜೂನ್ ತಿಂಗಳ ನಡುವಿನವರೆಗೆ ನಡೆಯಿತು. ಮೊದಲ ವಾರದಲ್ಲಿಯೇ ಚೀಟಿಯಲ್ಲಿ 21, ಕಡತದಲ್ಲಿ 61 ಎಂಬುದು ಸಿಕ್ಕಿತು. ಅಂತರ ನಾಲ್ಕು, ಯಂತ್ರದ್ದೇ. ಎರಡು ದಿನದ ಬಳಿಕ ಕಡತದಲ್ಲಿ 36, ಚೀಟಿಯಲ್ಲಿ 39. ಅಂತರ ಮೂರು. ಅವರು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅದರಲ್ಲಿದ್ದುದು ಕನ್ನಡ ಅಂಕಿ. ತಮ್ಮ ಕೈಬರಹದ ‘೯’ನ್ನು ತಾವೇ ‘೬’ ಎಂದು ಓದಿ ಬೆರಳಚ್ಚು ಮಾಡಿದ್ದರು. ಪಟ್ಟಿಯಲ್ಲಿ ಅದಕ್ಕಾಗಿ ಮತ್ತೊಂದು ಅಂಕಣ ಎಳೆಯಬೇಕಾಯಿತು. ಕೆಲಸ ಮುಗಿದಾಗ ಯಂತ್ರದ ಅಂಕಣದಲ್ಲಿ ಮೂರು ತಪ್ಪುಗಳಿದ್ದವು, ಅಧ್ಯಾಪಕರ ಅಂಕಣದಲ್ಲಿ ಹನ್ನೊಂದು. ಅವರು ನೋಡಿದ್ದು ಯಂತ್ರದ ಮೇಲೆ ಸಂಶಯವಿದ್ದ ಸಂಖ್ಯೆಗಳನ್ನು ಮಾತ್ರ. ಬಿಟ್ಟ 850ರಲ್ಲಿ ಯಂತ್ರ ಕೈಯಾಡಿಸಿಲ್ಲ ಎಂಬುದಷ್ಟೇ ಖಚಿತ.

ಹಾಗಾಗಿ ಡಬ್ಬಗಳು ಅಟ್ಟಕ್ಕೆ ಮರಳಲಿಲ್ಲ. ಜುಲೈಯಿಂದ ಆ 850ನ್ನೂ, ಅವು ಮುಗಿದ ಮೇಲೆ ಅಕಾರದಿಂದ ಹಿಡಿದು ಉಳಿದೆಲ್ಲವನ್ನೂ ನೋಡುವುದೆಂದು ತೀರ್ಮಾನವಾಯಿತು. ಕೆಟ್ಟ ರ‍್ಯಾಮ್ ಪಟ್ಟಿಯನ್ನು ಅಂಗಡಿಗೆ ಹಿಂದಿರುಗಿಸಲು ವಿದ್ಯಾರ್ಥಿನಿ ಹೇಳಿದ್ದಳು. ಅವರು ಹಿಂದಿರುಗಿಸಲಿಲ್ಲ. ಲಕೋಟೆಯೊಂದರಲ್ಲಿಟ್ಟು, ಮೇಲೆ ‘21-4-2014ರಿಂದ, ನಾಲ್ಕು ಕೂಡಿಸುತ್ತದೆ’ ಎಂದು ಬರೆದು ಕಕಾರದ ಡಬ್ಬದಲ್ಲಿ ಸೇರಿಸಿದರು. ಚೀಟಿ ಬರೆಯದೆ ನೇರವಾಗಿ ಕಡತಕ್ಕೆ ಏರಿಸಿದ್ದ 64 ಉಲ್ಲೇಖಗಳು ಉಳಿದಿದ್ದವು. ಅವಕ್ಕೆ ಸಂಪುಟವನ್ನೇ ನೋಡಬೇಕು. ಅವುಗಳ ಪಟ್ಟಿಯನ್ನು ಕೈಯಲ್ಲಿ ಬರೆದು, ಅಂಕಿಗಳ ಪಕ್ಕದಲ್ಲಿ ಅಕ್ಷರದಲ್ಲಿಯೂ ಸಂಖ್ಯೆ ನಮೂದಿಸಿ, ಸೋಮವಾರ ಬೆಳಗಿನ ಬಸ್ಸಿಗೆ ಮೈಸೂರಿಗೆ ಹೊರಟರು.